ಮುರಿದ ಕ್ರೇಯಾನ್, ಒಣಗಿದ ಸ್ಕೆಚ್ ಪೆನ್: ಮಕ್ಕಳ ಜೊತೆ ಸೇರಿ ಮತ್ತೆ ಬಣ್ಣ ಮಾಡೋಣ

ಮಕ್ಕಳಿರುವ ಮನೆಯಲ್ಲಿ ಇಂಥದ್ದೊಂದು ಡಬ್ಬಿ ಇದ್ದೇ ಇರುತ್ತದೆ. ಎರಡು ತುಂಡಾದ ಕ್ರೇಯಾನ್, ಮುಚ್ಚಳ ಕಳೆದುಹೋದ ಸ್ಕೆಚ್ ಪೆನ್, ಬೆರಳಿಗೆ ಸಿಗದಷ್ಟು ಚಿಕ್ಕದಾದ ಬಣ್ಣದ ಪೆನ್ಸಿಲ್, ಬಿರುಕು ಬಿಟ್ಟ ವಾಟರ್ ಕಲರ್ ಬಿಲ್ಲೆ. ಬಳಸೋಕಾಗದು, ಎಸೆಯೋಕೂ ಮನಸ್ಸು ಬಾರದು. ನಮ್ಮ ಮನೆಯ ಡಬ್ಬಿ ತುಂಬಿ ಮುಚ್ಚಳ ಕೂರದಂತಾದಾಗ ಒಂದು ದಿನ ಮಗಳ ಜೊತೆ ಎಲ್ಲವನ್ನೂ ನೆಲಕ್ಕೆ ಸುರಿದು ಕೂತೆ. ಆಗ ಗೊತ್ತಾಗಿದ್ದು ಇಷ್ಟು: ಅಲ್ಲಿದ್ದ ವಸ್ತುಗಳು ಹಾಳಾಗಿದ್ದವು, ಆದರೆ ಬಣ್ಣ ಹಾಳಾಗಿರಲಿಲ್ಲ.

ಯೋಚಿಸಿ ನೋಡಿ. ಕ್ರೇಯಾನ್ ಮುರಿದರೆ ಅದರೊಳಗಿನ ಬಣ್ಣ ಒಂದು ಚೂರೂ ಕಡಿಮೆಯಾಗುವುದಿಲ್ಲ, ಹಿಡಿಯೋಕೆ ಕಷ್ಟ ಅಷ್ಟೇ. ಸ್ಕೆಚ್ ಪೆನ್ ಒಣಗಿದೆ ಅಂದರೆ ಒಳಗಿನ ನೀರು ಆರಿದೆ, ಬಣ್ಣ ಮಾತ್ರ ಅಲ್ಲೇ ಅಂಟಿಕೊಂಡು ಕೂತಿದೆ. ಒಂದಕ್ಕೆ ಬಿಸಿ ಕೊಟ್ಟರೆ, ಇನ್ನೊಂದಕ್ಕೆ ನೀರು ಕೊಟ್ಟರೆ ಎರಡೂ ಮತ್ತೆ ಕೆಲಸಕ್ಕೆ ಬರುತ್ತವೆ. ಕೊನೆಗೆ ಇವೆರಡನ್ನೂ ಒಂದೇ ಹಾಳೆಯ ಮೇಲೆ ಸೇರಿಸಿದರೆ ಒಳ್ಳೆಯ ಆಟವೂ ಸಿಗುತ್ತದೆ. ಅದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಒಂದೇ ದಿನದಲ್ಲಿ ಮುಗಿಸಬೇಕು ಅಂತ ಹೊರಡಬೇಡಿ. ಮೊದಲ ದಿನ ವಿಂಗಡಿಸುವುದು, ಸಿಪ್ಪೆ ತೆಗೆಯುವುದು, ಪೆನ್ ನೆನೆಸುವುದು. ಮರುದಿನ ಕರಗಿಸುವುದು. ಬಣ್ಣ ಬಳಿಯುವುದು ಮೂರನೆಯ ದಿನಕ್ಕಿರಲಿ. ಹೀಗೆ ಮಾಡಿದರೆ ಮಕ್ಕಳಿಗೂ ಬೇಜಾರಾಗುವುದಿಲ್ಲ, ನಮಗೂ ಗಡಿಬಿಡಿ ಇರುವುದಿಲ್ಲ.

ಮೊದಲು ವಿಂಗಡಿಸಿ

ಇದು ಪೂರ್ತಿ ಮಕ್ಕಳ ಕೆಲಸ. ಹಳೆಯ ಬಟ್ಟೆಯೋ ಪೇಪರೋ ಹಾಸಿ, ಡಬ್ಬಿ ಸುರಿದು, ಗುಂಪು ಮಾಡಲು ಹೇಳಿ. ನೀವು ಗಮನಿಸಬೇಕಾದ್ದು ಯಾವುದು ಕರಗುತ್ತದೆ, ಯಾವುದು ಕರಗುವುದಿಲ್ಲ ಅನ್ನುವುದನ್ನು.

ಪೇಪರ್ ಸುತ್ತಿದ ಮಾಮೂಲಿ ಕ್ರೇಯಾನ್ ಮೇಣದ್ದು. ಪ್ಯಾರಾಫಿನ್ ಮೇಣಕ್ಕೆ ಬಣ್ಣದ ಪುಡಿ ಕಲಸಿ ಮಾಡಿರುತ್ತಾರೆ. ನಮಗೆ ಬೇಕಾದ್ದು ಇದೇ. ಗಟ್ಟಿಯಾಗಿ, ನುಣುಪಾಗಿ, ಸುಲಭಕ್ಕೆ ಮುರಿಯದ ಪ್ಲಾಸ್ಟಿಕ್ ಕ್ರೇಯಾನ್ ಈ ಬಿಸಿಗೆ ಸರಿಯಾಗಿ ಕರಗುವುದಿಲ್ಲ, ಪಕ್ಕಕ್ಕಿಡಿ. ಆಯಿಲ್ ಪೇಸ್ಟಲ್ ಬೇರೆ ಜಾತಿ. ಬೆರಳಿಗೆ ಉಜ್ಜಿದರೆ ಜಿಡ್ಡಿನ ಹಾಗೆ ಮೆತ್ತಿಕೊಳ್ಳುತ್ತದೆ, ಅದರಲ್ಲಿ ಎಣ್ಣೆ ಇರುವುದರಿಂದ ಕ್ರೇಯಾನ್ ಜೊತೆ ಕರಗಿಸಿ ಅಚ್ಚು ಹಾಕಿದರೆ ಬಿಲ್ಲೆ ಮೆತ್ತಗಾಗುತ್ತದೆ. ನೀರಲ್ಲಿ ತೊಳೆದರೆ ಹೋಗುವಂಥ ಕ್ರೇಯಾನ್‌ಗಳಿದ್ದರೆ ಅವನ್ನೂ ಬೇರೆಯಾಗಿಡಿ. ಬೇಕಿದ್ದರೆ ಅವನ್ನಷ್ಟೇ ಸೇರಿಸಿ ಒಂದು ಅಚ್ಚು ಮಾಡಿ ನೋಡಬಹುದು.

ಪೆನ್‌ಗಳಲ್ಲಿ ನೀರಿನ ಶಾಯಿಯವು ಮಾತ್ರ ನಮಗೆ ಉಪಯೋಗ. ಪರೀಕ್ಷೆ ಸುಲಭ. ಟಿಶ್ಯೂ ಪೇಪರನ್ನು ಒದ್ದೆ ಮಾಡಿ, ಪೆನ್ನಿನ ತುದಿಯನ್ನು ಅದರ ಮೇಲೆ ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಬಣ್ಣ ಸುತ್ತಲೂ ಹರಡಿದರೆ ಅದು ನೀರಿನ ಶಾಯಿ. ಹರಡದೆ ಚುಕ್ಕೆಯಾಗಿಯೇ ನಿಂತರೆ ಪರ್ಮನೆಂಟ್ ಮಾರ್ಕರ್ ಇರಬಹುದು, ಬಿಟ್ಟುಬಿಡಿ.

ಉಳಿದದ್ದರ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಬಿರುಕು ಬಿಟ್ಟ ವಾಟರ್ ಕಲರ್ ಬಿಲ್ಲೆಗೆ ಏನೂ ಆಗಿಲ್ಲ, ಎರಡು ಹನಿ ನೀರು ಹಾಕಿ ಹತ್ತು ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ. ಗಟ್ಟಿಯಾದ ಪೋಸ್ಟರ್ ಕಲರ್‌ಗೂ ಹೀಗೇ ಮಾಡಬಹುದು, ಆದರೆ ವಾಸನೆ ಬರುತ್ತಿದ್ದರೆ, ಬೂಸ್ಟು ಹಿಡಿದಿದ್ದರೆ ಎಸೆಯಿರಿ. ಅಕ್ರಿಲಿಕ್ ಬಣ್ಣ ಒಮ್ಮೆ ಒಣಗಿದರೆ ಮುಗಿಯಿತು, ನೀರಿಗೆ ಬಗ್ಗುವುದಿಲ್ಲ. ಪೆನ್ಸಿಲ್ ತುಂಡುಗಳನ್ನು ಹೆರೆದು, ಆ ಬಣ್ಣದ ಅಂಚಿನ ಹೆರೆಗಳನ್ನು ಹೂವಿನ ಎಸಳಿನ ಹಾಗೆ ಅಂಟಿಸಲು ಕೊಡಿ.

ಒಂದು ಮಾತು. ಮೂರು ವರ್ಷಕ್ಕಿಂತ ಚಿಕ್ಕವರು ಮನೆಯಲ್ಲಿದ್ದರೆ ಈ ತುಂಡುಗಳು ಅವರ ಕೈಗೆ ಸಿಗಬಾರದು. ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಪೆನ್ನಿನ ಮುಚ್ಚಳಗಳೂ ಅಷ್ಟೇ.

ಸಿಪ್ಪೆ ತೆಗೆಯುವುದು

ಒಣ ಪೇಪರನ್ನು ಉಗುರಿನಲ್ಲಿ ಕೆರೆಯುತ್ತಾ ಕೂತರೆ ಮಕ್ಕಳು ಐದು ನಿಮಿಷಕ್ಕೆ ಎದ್ದು ಹೋಗುತ್ತಾರೆ. ಒಂದು ಬಟ್ಟಲಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ಕ್ರೇಯಾನ್‌ಗಳನ್ನು ಹತ್ತು ಹದಿನೈದು ನಿಮಿಷ ನೆನೆಸಿ. ಅಂಟು ಸಡಿಲವಾಗಿ ಪೇಪರ್ ಸಲೀಸಾಗಿ ಕಳಚಿ ಬರುತ್ತದೆ. ಹಠ ಮಾಡುವ ಒಂದೆರಡಕ್ಕೆ ನೀವು ಚಾಕುವಿನಿಂದ ಉದ್ದಕ್ಕೆ ಗೀರಿ ಕೊಡಿ. ಆ ನೀರಿನಲ್ಲಿ ಕೈಯಾಡಿಸುವುದೇ ಮಕ್ಕಳಿಗೆ ಅರ್ಧ ಆಟ, ಹಾಗಾಗಿ ಇಲ್ಲಿ ಅವಸರ ಬೇಡ.

ಇದಾದ ಮೇಲೆ ಒರೆಸಿ, ರಾತ್ರಿಯಿಡೀ ಆರಲು ಬಿಡಿ. ಇದನ್ನು ದಯವಿಟ್ಟು ಬಿಡಬೇಡಿ. ಮೊದಲ ಸಲ ನಾನು ಬಟ್ಟೆಯಲ್ಲಿ ಒರೆಸಿ ಸಾಕು ಅಂದುಕೊಂಡು ಕರಗಿಸಿಬಿಟ್ಟೆ. ಮೇಣಕ್ಕೂ ನೀರಿಗೂ ಆಗಿಬರುವುದಿಲ್ಲ. ಒಳಗೆ ಉಳಿದ ಹನಿಗಳು ಗುಳ್ಳೆಯಾಗಿ, ತಣ್ಣಗಾದ ಮೇಲೆ ನೋಡಿದರೆ ಕ್ರೇಯಾನ್ ತುಂಬ ತೂತು, ಒತ್ತಿ ಬರೆದರೆ ಅಲ್ಲೇ ಪುಡಿಯಾಗುತ್ತಿತ್ತು. ಬಿಸಿ ಜಾಸ್ತಿಯಾದರೆ ಆ ನೀರು ಆವಿಯಾಗಿ ಮೇಣ ಸಿಡಿಯಲೂಬಹುದು.

ಸುಲಿದ ಪೇಪರ್‌ಗಳಲ್ಲಿ ಬಣ್ಣದ ಹೆಸರುಗಳಿದ್ದರೆ ಮಕ್ಕಳಿಗೆ ಓದಿ ಹೇಳಿ. ನಾಳೆ ಹುಟ್ಟುವ ಹೊಸ ಬಣ್ಣಕ್ಕೆ ಹೆಸರಿಡುವುದು ಅವರ ಜವಾಬ್ದಾರಿ ಅಂತ ಈಗಲೇ ಹೇಳಿಬಿಡಿ. ನಮ್ಮ ಮನೆಯಲ್ಲಿ ಈಗ 'ಮಳೆ ಬರೋ ಮುಂಚೆ' ಅನ್ನುವ ಬಣ್ಣ ಇದೆ, ಬೂದಿಗೂ ನೀಲಿಗೂ ನಡುವಿನದು.

ಯಾವ ಬಣ್ಣದ ಜೊತೆ ಯಾವುದು

ಕರಗಿಸುವ ಮೊದಲು ಇದನ್ನು ಚೆನ್ನಾಗಿ ಕೂತು ಮಾಡಿ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಮಕ್ಕಳಿಗೆ ಎಲ್ಲಾ ಬಣ್ಣವೂ ಬೇಕು. ಎಲ್ಲವನ್ನೂ ಅಚ್ಚಿನ ಒಂದೇ ಗುಳಿಗೆ ತುಂಬುತ್ತಾರೆ. ಕರಗಿದ ಮೇಲೆ ಕಲಸುಮೇಲೋಗರವಾಗಿ ಮಣ್ಣಿನ ಬಣ್ಣ ಬರುತ್ತದೆ. ನನ್ನ ಮಗಳು ಏಳು ಬಣ್ಣ ಎಣಿಸಿ ಹಾಕಿದ್ದಳು, ಕಾಮನಬಿಲ್ಲು ಬರುತ್ತದೆ ಅಂತ ಕಾದಿದ್ದಳು. ಕಂದು ಬಣ್ಣದ ಬಿಲ್ಲೆ ನೋಡಿ ಅವಳ ಮುಖ ಬಾಡಿದ್ದು ನನಗಿನ್ನೂ ನೆನಪಿದೆ.

ಬಣ್ಣಗಳ ಚಕ್ರದಲ್ಲಿ ಎದುರುಬದುರು ಕೂರುವ ಬಣ್ಣಗಳು ಬೆರೆತರೆ ಒಂದನ್ನೊಂದು ಮಂಕು ಮಾಡುತ್ತವೆ. ಕೆಂಪು ಹಸಿರು, ನೀಲಿ ಕಿತ್ತಳೆ, ಹಳದಿ ನೇರಳೆ, ಈ ಮೂರು ಜೋಡಿಗಳನ್ನು ನೆನಪಿಟ್ಟುಕೊಂಡರೆ ಸಾಕು. ಇವನ್ನು ಒಂದೇ ಗುಳಿಗೆ ಹಾಕಬೇಡಿ. ಅಕ್ಕಪಕ್ಕದವು ಚೆನ್ನಾಗಿ ಹೊಂದಿಕೊಳ್ಳುತ್ತವೆ: ಹಳದಿ, ಕಿತ್ತಳೆ, ಕೆಂಪು ಒಂದು ಗುಂಪು, ನೀಲಿ, ಹಸಿರು, ಹಳದಿ ಇನ್ನೊಂದು, ಗುಲಾಬಿ, ನೇರಳೆ, ನೀಲಿ ಮತ್ತೊಂದು. ಬಿಳಿ ಯಾವುದರ ಜೊತೆಗೂ ಹೋಗುತ್ತದೆ, ಬಣ್ಣವನ್ನು ತಿಳಿಯಾಗಿಸುತ್ತದೆ. ಕಪ್ಪನ್ನು ಮಾತ್ರ ಅಕ್ಕಿಕಾಳಿನಷ್ಟು ಹಾಕಿ. ಜಾಸ್ತಿಯಾದರೆ ಅದೊಂದೇ ಉಳಿಯುತ್ತದೆ.

ಇಷ್ಟನ್ನು ಬಾಯಲ್ಲಿ ಹೇಳಿದರೆ ಮಕ್ಕಳು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಒಂದು ಹಾಳೆ ಕೊಟ್ಟು, ತಮಗೆ ಬೇಕಾದ ಬಣ್ಣಗಳನ್ನು ಒಂದರ ಮೇಲೊಂದು ಗೀಚಲು ಹೇಳಿ. ಕೆಂಪಿನ ಮೇಲೆ ಹಸಿರು ಉಜ್ಜಿದಾಗ ಏನಾಗುತ್ತದೆ ಅಂತ ಅವರ ಕಣ್ಣೇ ಹೇಳುತ್ತದೆ. ಇಷ್ಟವಾದ ಜೋಡಿಗೆ ಸುತ್ತು ಹಾಕಲಿ. ಆ ಹಾಳೆಯೇ ಮರುದಿನದ ನಕ್ಷೆ. ಬಣ್ಣಗಳ ಸಂಖ್ಯೆ ಕಡಿಮೆಯಿದೆ ಅಂತ ಅವರು ಕೊರಗಿದರೆ ಇದನ್ನು ಹೇಳಿ: ಕ್ರೆಯೋಲಾದವರು 1903ರಲ್ಲಿ ಮೊದಲ ಕ್ರೇಯಾನ್ ಪೆಟ್ಟಿಗೆ ತಂದಾಗ ಅದರಲ್ಲಿದ್ದದ್ದು ಬರೀ 8 ಬಣ್ಣ.

ಕರಗಿಸುವುದು

ತುಂಡುಗಳು ಒಂದು ಸೆಂಟಿಮೀಟರ್‌ನಷ್ಟಿದ್ದರೆ ಒಂದೇ ಸಮ ಕರಗುತ್ತವೆ. ಕೈಯಲ್ಲಿ ಮುರಿಯುವುದು ಮಕ್ಕಳು, ಚಾಕು ಹಿಡಿಯುವುದು ದೊಡ್ಡವರು. ಅಚ್ಚಿಗೆ ಸಿಲಿಕೋನ್‌ನದ್ದು ಬಹಳ ಒಳ್ಳೆಯದು, ಬಗ್ಗಿಸಿದರೆ ಬಿಲ್ಲೆ ಆಚೆ ಬರುತ್ತದೆ. ಆದರೆ ಒಮ್ಮೆ ಕ್ರೇಯಾನ್‌ಗೆ ಬಳಸಿದ ಅಚ್ಚು, ಪಾತ್ರೆ, ಚಮಚ ಯಾವುದನ್ನೂ ಮತ್ತೆ ಅಡುಗೆಗೆ ತರಬೇಡಿ. ಅದರ ಮೇಲೆ ಗುರುತು ಬರೆದಿಡಿ.

ಎಷ್ಟು ಕ್ರೇಯಾನ್ ಬೇಕು? ಮಾಮೂಲಿ ಉದ್ದದ ಕ್ರೇಯಾನ್ ಸುಮಾರು 9 ಸೆಂಟಿಮೀಟರ್ ಇರುತ್ತದೆ. ಒಂದು ಟೇಬಲ್ ಚಮಚದಷ್ಟು, ಅಂದರೆ 15 ಮಿಲಿಲೀಟರ್ ಹಿಡಿಯುವ ಗುಳಿಗೆ ಇಂಥ ಮೂರರಿಂದ ನಾಲ್ಕು ಕ್ರೇಯಾನ್ ಹಿಡಿಸುತ್ತವೆ. ತುಂಡುಗಳ ನಡುವೆ ಗಾಳಿ ಇರುವುದರಿಂದ ಕರಗಿದಾಗ ಮಟ್ಟ ಇಳಿಯುತ್ತದೆ, ಹಾಗಾಗಿ ಗುಳಿಯ ಬಾಯಿಗಿಂತ ಸ್ವಲ್ಪ ಮೇಲಕ್ಕೆ ಗುಡ್ಡೆ ಮಾಡಿ ತುಂಬಿ.

ಓವನ್ ಇದ್ದರೆ 120ರಿಂದ 130 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ. ಅಚ್ಚನ್ನು ಗಟ್ಟಿ ತಟ್ಟೆಯ ಮೇಲಿಟ್ಟು ಒಳಗಿಡಿ. ಬರೀ ಸಿಲಿಕೋನ್ ಅಚ್ಚನ್ನು ಕೈಯಲ್ಲಿ ಎತ್ತಿದರೆ ಬಗ್ಗಿ ಚೆಲ್ಲುತ್ತದೆ. ಹತ್ತರಿಂದ ಹದಿನೈದು ನಿಮಿಷ ಸಾಕು. ಎಂಟನೆಯ ನಿಮಿಷದಿಂದಲೇ ನೋಡುತ್ತಿರಿ.

ಓವನ್ ಇಲ್ಲದಿದ್ದರೆ ಚಿಂತೆ ಬೇಡ, ನನಗಂತೂ ನೀರಿನ ಪಾತ್ರೆಯ ವಿಧಾನವೇ ಹೆಚ್ಚು ಇಷ್ಟ. ಅಗಲವಾದ ಪಾತ್ರೆಯಲ್ಲಿ ಎರಡು ಬೆರಳಷ್ಟು ನೀರು ಕಾಯಿಸಿ, ಅದರೊಳಗೆ ಖಾಲಿ ತಗಡಿನ ಡಬ್ಬಿ ಇಟ್ಟು, ಒಂದು ಡಬ್ಬಿಗೆ ಒಂದು ಬಣ್ಣದ ತುಂಡುಗಳನ್ನು ಹಾಕಿ. ನೀರು 100 ಡಿಗ್ರಿ ದಾಟುವುದಿಲ್ಲ, ಆದ್ದರಿಂದ ಮೇಣವೂ ಅದಕ್ಕಿಂತ ಹೆಚ್ಚು ಕಾಯುವುದಿಲ್ಲ. ಕ್ರೇಯಾನ್ ಕರಗಲು ಇಷ್ಟು ಬಿಸಿ ಧಾರಾಳವಾಯಿತು. ನೀರು ಕುದಿದು ಡಬ್ಬಿಯೊಳಗೆ ಹಾರದಂತೆ ಉರಿ ಸಣ್ಣದಿರಲಿ. ಕರಗಿದ್ದನ್ನು ಇಕ್ಕಳದಲ್ಲಿ ಹಿಡಿದು ಅಚ್ಚಿಗೆ ಸುರಿಯಿರಿ. ಈ ವಿಧಾನದ ಲಾಭ ಏನೆಂದರೆ ಪದರ ಪದರವಾಗಿ ಮಾಡಬಹುದು: ಒಂದು ಬಣ್ಣ ಹೊಯ್ದು, ಮೇಲೆ ಕೆನೆಗಟ್ಟಿ ಮುಟ್ಟಿದರೆ ಮೆತ್ತಿಕೊಳ್ಳದಂತಾದ ಮೇಲೆ ಇನ್ನೊಂದು ಹೊಯ್ಯಬೇಕು.

ನೇರವಾಗಿ ಉರಿಯ ಮೇಲೆ ಡಬ್ಬಿ ಇಡಬೇಡಿ, ಮೇಣ ಅತಿಯಾಗಿ ಕಾದರೆ ಹೊತ್ತಿಕೊಳ್ಳುತ್ತದೆ. ಮೈಕ್ರೋವೇವ್‌ ಕೂಡ ಬೇಡ. ಅದರಲ್ಲಿ ಮೇಣ ಸರಿಯಾಗಿ ಕಾಯುವುದಿಲ್ಲ, ಒಂದು ಕಡೆ ತಣ್ಣಗಿದ್ದು ಇನ್ನೊಂದು ಕಡೆ ವಿಪರೀತ ಬಿಸಿಯಾಗಬಹುದು. ಅಕಸ್ಮಾತ್ ಬೆಂಕಿ ಹತ್ತಿದರೆ ನೀರು ಎರಚಬಾರದು, ಉರಿ ಆರಿಸಿ ಮುಚ್ಚಳ ಮುಚ್ಚಬೇಕು. ಕೈಗೆ ಬಿಸಿ ಮೇಣ ಬಿದ್ದರೆ 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ, ಅಂಟಿದ ಮೇಣವನ್ನು ಕೀಳಬೇಡಿ. ಕರಗಿಸುವಾಗ ಮಕ್ಕಳು ಎರಡು ಹೆಜ್ಜೆ ಆಚೆ ನಿಂತು ನೋಡಲಿ. ಕಿಟಕಿ ತೆರೆದಿರಲಿ, ವಾಸನೆ ಬರುತ್ತದೆ. ಈ ಹೊತ್ತಿನಲ್ಲಿ ಫೋನ್ ಬಂದರೂ ಎತ್ತಬೇಡಿ.

ಇನ್ನೊಂದು ಸೂಕ್ಷ್ಮ ಇದೆ. ಕರಗಿದ ತಕ್ಷಣ ಆಚೆ ತೆಗೆಯಿರಿ. ಜಾಸ್ತಿ ಹೊತ್ತು ಬಿಟ್ಟರೆ ಬಣ್ಣದ ಪುಡಿ ಭಾರಕ್ಕೆ ತಳ ಸೇರಿ, ಮೇಲೆ ಬರೀ ಮೇಣದ ಪದರ ನಿಲ್ಲುತ್ತದೆ. ಆ ಕಡೆಯಿಂದ ಬರೆದರೆ ಬಣ್ಣವೇ ಬಾರದು, ಜಾರುತ್ತದೆ. ಹಾಗಾಗಿದ್ದರೆ ಎಸೆಯಬೇಡಿ. ಆ ಮಂಕು ಬಿಲ್ಲೆಗೆ ಮುಂದೆ ಒಂದು ಒಳ್ಳೆಯ ಕೆಲಸವಿದೆ.

ಗೆರೆಗೆರೆಯಾಗಿ ಎರಡು ಮೂರು ಬಣ್ಣ ಬೇರೆ ಬೇರೆ ಕಾಣಬೇಕೆಂದರೆ ಕಲಕಬೇಡಿ. ಒಂದೇ ಹೊಸ ಬಣ್ಣ ಬೇಕೆಂದರೆ ಕಡ್ಡಿಯಲ್ಲಿ ನಾಲ್ಕು ಸುತ್ತು ಕಲಕಿ.

ತಣ್ಣಗಾಗಲು ಒಂದು ಗಂಟೆ ಬೇಕು. ಮಕ್ಕಳಿಗೆ ಇದೇ ಕಷ್ಟದ ಗಂಟೆ, ಬೆರಳಿಟ್ಟು ನೋಡುವ ಆಸೆ ತಡೆಯಲಾಗುವುದಿಲ್ಲ. ಅಚ್ಚನ್ನು ಎತ್ತರದಲ್ಲಿಟ್ಟುಬಿಡಿ. ಮುಟ್ಟಿದರೆ ಬಿಸಿ ಇಲ್ಲ ಅನ್ನಿಸಿದ ಮೇಲೆ ಫ್ರೀಜರ್‌ನಲ್ಲಿ ಹತ್ತು ನಿಮಿಷ ಇಟ್ಟರೆ ಮೇಣ ಸ್ವಲ್ಪ ಕುಗ್ಗಿ ಅಚ್ಚಿನಿಂದ ಸುಲಭವಾಗಿ ಬಿಡುತ್ತದೆ. ಬಿಲ್ಲೆಯ ನಡುವೆ ಸಣ್ಣ ಗುಳಿ ಬಿದ್ದಿದ್ದರೆ ಅದೂ ಆ ಕುಗ್ಗುವಿಕೆಯಿಂದಲೇ, ಏನೂ ತೊಂದರೆಯಿಲ್ಲ. ಹೊರತೆಗೆಯುವ ಕೆಲಸ ಮಾತ್ರ ಮಕ್ಕಳೇ ಮಾಡಲಿ.

ದಪ್ಪ ಬಿಲ್ಲೆಗಳು ಚಿಕ್ಕ ಮಕ್ಕಳ ಮುಷ್ಟಿಗೆ ಚೆನ್ನಾಗಿ ಹೊಂದುತ್ತವೆ, ಬೀಳಿಸಿದರೂ ಬೇಗ ಮುರಿಯುವುದಿಲ್ಲ. ಒಂದೇ ಗೆರೆ ಎಳೆಯುತ್ತಿದ್ದಂತೆ ಹಳದಿ ಹೋಗಿ ಕಿತ್ತಳೆ ಬರುವುದನ್ನು ನೋಡಿದರೆ ಅವರು ಹಾಳೆ ಬಿಟ್ಟು ಏಳುವುದಿಲ್ಲ.

ಪಾತ್ರೆಗಳಿಗೆ ಅಂಟಿದ ಮೇಣವನ್ನು ಬೆಚ್ಚಗಿರುವಾಗಲೇ ಪೇಪರಿನಲ್ಲಿ ಒರೆಸಿ ಕಸಕ್ಕೆ ಹಾಕಿ. ಸಿಂಕಿಗೆ ಸುರಿದರೆ ಪೈಪಿನೊಳಗೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ.

ಸ್ಕೆಚ್ ಪೆನ್ನಿನಿಂದ ವಾಟರ್ ಕಲರ್

ಇದಕ್ಕೆ ಬೆಂಕಿ ಬೇಡ, ಚಾಕು ಬೇಡ. ನಾಲ್ಕು ವರ್ಷದವರೂ ಮಾಡಬಹುದು. ಸಣ್ಣ ಗಾಜಿನ ಬಾಟಲಿಗೆ 30 ಮಿಲಿಲೀಟರ್, ಅಂದರೆ ಎರಡು ಟೇಬಲ್ ಚಮಚ ನೀರು ಹಾಕಿ. ಒಂದೇ ಬಣ್ಣದ ನಾಲ್ಕೈದು ಒಣ ಪೆನ್‌ಗಳನ್ನು ತುದಿ ಕೆಳಗೆ ಮಾಡಿ ಅದರಲ್ಲಿ ನಿಲ್ಲಿಸಿ. ಬಣ್ಣ ದಾರದ ಹಾಗೆ ಎಳೆಎಳೆಯಾಗಿ ನೀರಿಗಿಳಿಯುತ್ತದೆ, ಆ ಮೊದಲ ಎರಡು ನಿಮಿಷ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ನೋಡಿ. ಆಮೇಲೆ ರಾತ್ರಿಯಿಡೀ ಬಿಟ್ಟುಬಿಡಿ. ಬೆಳಿಗ್ಗೆ ಹಾಳೆಯ ಮೇಲೆ ಬ್ರಶ್‌ನಲ್ಲಿ ಬಳಿದು ನೋಡಿ, ತೆಳುವಾಗಿದ್ದರೆ ಇನ್ನೊಂದು ದಿನ ಬಿಡಿ ಅಥವಾ ಇನ್ನೆರಡು ಪೆನ್ ಸೇರಿಸಿ.

ನೀರು ಜಾಸ್ತಿ ಹಾಕುವುದೇ ಎಲ್ಲರೂ ಮಾಡುವ ತಪ್ಪು. ಕಡಿಮೆ ಹಾಕಿ, ಬೇಕಾದರೆ ಆಮೇಲೆ ಸೇರಿಸಬಹುದು. ಹಳದಿಗೆ ಮಾತ್ರ ಉಳಿದವಕ್ಕಿಂತ ಹೆಚ್ಚು ಪೆನ್ ಬೇಕು, ಬಿಳಿ ಹಾಳೆಯ ಮೇಲೆ ಅದು ಬೇಗ ಕಾಣುವುದಿಲ್ಲ. ಪೆನ್ನಿನ ಹಿಂದಿನ ಬಿರಡೆ ತೆಗೆಯಲು ಬಂದರೆ ಒಳಗಿನ ಹತ್ತಿಯಂಥ ಬತ್ತಿಯನ್ನೇ ಎಳೆದು ನೀರಿಗೆ ಹಾಕಿ, ಗಾಢ ಬಣ್ಣ ಬರುತ್ತದೆ. ಆದರೆ ಕೈಗೆ ಗ್ಲೌಸ್, ಮೈಗೆ ಹಳೆಯ ಬಟ್ಟೆ ಇರಲಿ. ಬಾಟಲಿಯ ಮೇಲೆ 'ಬಣ್ಣ, ಕುಡಿಯಬಾರದು' ಅಂತ ಚೀಟಿ ಅಂಟಿಸುವುದು ಮರೆಯಬೇಡಿ, ಕೆಂಪು ಕಿತ್ತಳೆ ಎಲ್ಲ ಶರಬತ್ತಿನ ಹಾಗೇ ಕಾಣುತ್ತವೆ. ತಯಾರಾದ ಬಣ್ಣವನ್ನು ಒಂದು ವಾರದೊಳಗೆ ಬಳಸಿ. ಚಿತ್ರವನ್ನು ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ, ಈ ಬಣ್ಣ ಬೆಳಕಿಗೆ ಬೇಗ ಮಾಸುತ್ತದೆ.

ಕಪ್ಪು ಪೆನ್ ಒಂದನ್ನು ನೆನೆಸದೆ ಉಳಿಸಿಕೊಳ್ಳಿ. ಟಿಶ್ಯೂವನ್ನು ಎರಡು ಬೆರಳಗಲದ ಪಟ್ಟಿಯಾಗಿ ಕತ್ತರಿಸಿ. ಪೆನ್ನಿನ ತುದಿಯನ್ನು ಒಂದು ಹನಿ ನೀರಿಗೆ ಅದ್ದಿ, ಪಟ್ಟಿಯ ಕೆಳಗಿನಿಂದ ಎರಡು ಸೆಂಟಿಮೀಟರ್ ಮೇಲೆ ದಪ್ಪ ಚುಕ್ಕೆ ಇಡಿ. ಚುಕ್ಕೆ ಮುಳುಗದಂತೆ ಪಟ್ಟಿಯ ಅಂಚನ್ನಷ್ಟೇ ನೀರಿಗೆ ತಾಗಿಸಿ. ನೀರು ಮೇಲೇರುತ್ತಾ ಕಪ್ಪು ಬಿಚ್ಚಿಕೊಳ್ಳುತ್ತದೆ. ನೀಲಿ ಒಂದು ಕಡೆ, ಗುಲಾಬಿ ಒಂದು ಕಡೆ, ಕೆಲವೊಮ್ಮೆ ಹಳದಿಯೂ. ಅದೊಂದು ಕಪ್ಪಿನಲ್ಲಿ ಹಲವು ಬಣ್ಣ ಬೆರೆತಿರುತ್ತವೆ, ನೀರಿನ ಜೊತೆ ಒಂದೊಂದು ಒಂದೊಂದು ವೇಗದಲ್ಲಿ ಓಡುತ್ತದೆ. ಇದಕ್ಕೆ ಕ್ರೊಮ್ಯಾಟೋಗ್ರಫಿ ಅಂತ ಹೆಸರು. ಎಲೆಗಳೊಳಗಿನ ಬಣ್ಣಗಳನ್ನು ಹೀಗೆ ಬೇರ್ಪಡಿಸುವ ದಾರಿ ಕಂಡುಕೊಂಡ ವಿಜ್ಞಾನಿ ಮಿಖಾಯಿಲ್ ತ್ಸ್ವೆಟ್, ಅವನು ಅದನ್ನು ಮೊದಲು ವಿವರಿಸಿದ್ದು 1903ರಲ್ಲಿ, ಆ ಕ್ರೇಯಾನ್ ಪೆಟ್ಟಿಗೆ ಬಂದ ವರ್ಷವೇ. ರಷ್ಯನ್ ಭಾಷೆಯಲ್ಲಿ ತ್ಸ್ವೆಟ್ ಅಂದರೆ ಬಣ್ಣ ಅಂತಲೇ ಅರ್ಥ. ಇದನ್ನು ಹೇಳಿದಾಗ ಮಗಳು ನಂಬಲೇ ಇಲ್ಲ.

ಅಡಗಿದ ಚಿತ್ರ

ಈಗ ನಿಮ್ಮ ಹತ್ತಿರ ಮೇಣದ ಬಣ್ಣವೂ ಇದೆ, ನೀರಿನ ಬಣ್ಣವೂ ಇದೆ. ಇವೆರಡರ ಜಗಳವೇ ಈ ಆಟ.

ಹಳೆಯ ಡ್ರಾಯಿಂಗ್ ಪುಸ್ತಕದ ದಪ್ಪ ಹಾಳೆಗಳ ಖಾಲಿ ಬೆನ್ನು ಇದಕ್ಕೆ ಸಾಕು. ತೆಳು ಹಾಳೆ ನೀರಿಗೆ ಸುರುಟಿಕೊಳ್ಳುತ್ತದೆ, ನಾಲ್ಕು ಅಂಚಿಗೂ ಟೇಪ್ ಹಚ್ಚಿ ಮೇಜಿಗೆ ಅಂಟಿಸಿ. ಬಿಳಿ ಕ್ರೇಯಾನ್ ತೆಗೆದುಕೊಳ್ಳಿ. ಯಾವ ಡಬ್ಬಿಯಲ್ಲಿ ನೋಡಿದರೂ ಅದೊಂದೇ ಮುರಿಯದೆ, ಸವೆಯದೆ ಉಳಿದಿರುತ್ತದೆ ಅಲ್ವಾ? ಜೊತೆಗೆ, ಓವನ್‌ನಲ್ಲಿ ಹೆಚ್ಚು ಹೊತ್ತಾಗಿ ಮೇಲೆ ಬರೀ ಮೇಣ ನಿಂತ ಆ ಮಂಕು ಬಿಲ್ಲೆಯನ್ನೂ ಈಗ ತನ್ನಿ. ಅದರ ಮೇಣದ ಬದಿ ಹಾಳೆಯ ಮೇಲೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ನಮಗೆ ಬೇಕಿರುವುದೂ ಅದೇ.

ಒತ್ತಿ, ಒಂದೇ ಗೆರೆಯ ಮೇಲೆ ಎರಡು ಸಲ ಬರೆಯಬೇಕು. ಹಗುರವಾಗಿ ಬರೆದರೆ ಮೇಣ ಹಾಳೆಗೆ ಕೂರುವುದಿಲ್ಲ. ಬರೆಯುವಾಗ ಗೆರೆ ಕಾಣದ ಕಾರಣ ಚಿಕ್ಕವರಿಗೆ ತಾವು ಎಲ್ಲಿದ್ದೇವೆ ಅಂತ ತಿಳಿಯದೆ ಗೊಂದಲವಾಗಬಹುದು. ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಮೇಣ ಹೊಳೆಯುತ್ತದೆ. ಆಮೇಲೆ ದಪ್ಪ ಬ್ರಶ್‌ನಲ್ಲಿ ಸ್ಕೆಚ್ ಪೆನ್ನಿನ ಬಣ್ಣವನ್ನು ಒಂದೇ ಸಲಕ್ಕೆ ಮೇಲಿಂದ ಕೆಳಕ್ಕೆ ಬಳಿಯಿರಿ. ಉಜ್ಜಬೇಡಿ. ಮೇಣ ಇರುವಲ್ಲಿ ನೀರು ನಿಲ್ಲದೆ ಜಾರುತ್ತದೆ, ಉಳಿದ ಕಡೆ ಹಾಳೆ ಕುಡಿಯುತ್ತದೆ, ನೋಡುತ್ತಿದ್ದಂತೆ ಚಿತ್ರ ಎದ್ದು ಬರುತ್ತದೆ. ನೀಲಿ ಮತ್ತು ನೇರಳೆಯಲ್ಲಿ ಇದು ಬಹಳ ಚೆನ್ನಾಗಿ ಕಾಣುತ್ತದೆ.

ಇಬ್ಬರು ಸೇರಿ ಆಡಿದರೆ ಇನ್ನೂ ಸೊಗಸು. ಒಬ್ಬರು ಗುಟ್ಟಾಗಿ ಬರೆದು ಹಾಳೆ ಮಡಚದೆ ಇನ್ನೊಬ್ಬರಿಗೆ ಕೊಡಬೇಕು, ಅವರು ಬಣ್ಣ ಬಳಿದು ಓದಬೇಕು. ನಮ್ಮನೆಯಲ್ಲಿ ಮೊದಲ ಸಲ ಹೀಗೆ ಆಡಿದ ದಿನ ಮಗಳು ಖಾಲಿ ಕಾಣುವ ಹಾಳೆಯೊಂದನ್ನು ತಂದು ಕೈಗಿಟ್ಟು, ಬಾಗಿಲ ಹಿಂದೆ ನಿಂತು ನೋಡುತ್ತಿದ್ದಳು. ನಾನು ನೀಲಿ ಬಳಿದೆ. ಸೊಟ್ಟ ಸೊಟ್ಟ ಅಕ್ಷರಗಳು ಒಂದೊಂದೇ ಮೇಲೆದ್ದವು: 'ಹಳದಿ ಖಾಲಿ. ಇನ್ನೂ ಪೆನ್ ಹುಡುಕು.'